ತಂಡ ಒಬ್ಬರದು, ನೆಲ ಇನ್ನೊಬ್ಬರದು: ‘ದಿ ವ್ಯಾಲಿ’ ಕ್ರೀಡಾಂಗಣದ ಪ್ರಕರಣ

1985ರ ಸೆಪ್ಟೆಂಬರ್ 7, ಶನಿವಾರ. ಲಂಡನ್ನಿನ ಆಗ್ನೇಯ ಭಾಗದ ಚಾರ್ಲ್ಟನ್ ಬಡಾವಣೆಯಲ್ಲಿ ಎಂದಿನಂತೆ ಫುಟ್‌ಬಾಲ್ ನೋಡಲು ಬಂದವರ ಕೈಗೆ ಒಂದು ಕರಪತ್ರ ಕೊಟ್ಟರು. ಇನ್ನು ಮುಂದೆ ಚಾರ್ಲ್ಟನ್ ಅಥ್ಲೆಟಿಕ್ ತಂಡ ತನ್ನ ಮನೆಯಂಗಳವಾದ ‘ದಿ ವ್ಯಾಲಿ’ಯಲ್ಲಿ ಆಡುವುದಿಲ್ಲ, ಏಳು ಮೈಲಿ ದೂರದ ಸೆಲ್‌ಹರ್ಸ್ಟ್ ಪಾರ್ಕಿಗೆ ಹೋಗುತ್ತದೆ ಎಂಬುದು ಅದರ ಸಾರಾಂಶ. ಅದಕ್ಕೂ ಮೊದಲು ಒಂದು ಸಭೆಯಿಲ್ಲ, ಒಂದು ಮಾತಿಲ್ಲ. ಸೆಲ್‌ಹರ್ಸ್ಟ್ ಪಾರ್ಕ್ ಕ್ರಿಸ್ಟಲ್ ಪ್ಯಾಲೇಸ್ ತಂಡದ ಮೈದಾನ. ಆ ಶನಿವಾರ ಎದುರಾಳಿಯಾಗಿ ಬಂದಿದ್ದದ್ದೂ ಅದೇ ಕ್ರಿಸ್ಟಲ್ ಪ್ಯಾಲೇಸ್.

ಈ ಪ್ರಕರಣವನ್ನು ನಾನು ವರ್ಷಗಳಿಂದ ತಿರುತಿರುಗಿ ಓದುತ್ತ ಬಂದಿದ್ದೇನೆ. ಸಣ್ಣ ಕ್ಲಬ್ಬು, ಸಂಘ, ನಾಟಕ ತಂಡ, ಗ್ರಂಥಾಲಯ ಹೀಗೆ ಏನನ್ನೇ ನಡೆಸುವವರಿಗೂ ಇದರಲ್ಲಿ ಕಲಿಯಲು ಬೇಕಾದಷ್ಟಿದೆ ಎಂದು ನಂಬಿದ್ದೇನೆ. ಕ್ಲಬ್ಬು, ಊರು, ಇಸವಿ ಎಲ್ಲವೂ ಬಹಿರಂಗ ಇತಿಹಾಸವಾದ್ದರಿಂದ ಅವನ್ನು ಮರೆಮಾಡಿಲ್ಲ. ಆದರೆ ನಿರ್ಧಾರ ತೆಗೆದುಕೊಂಡ ಮಾಲೀಕರು, ಅಧ್ಯಕ್ಷರು, ಕೌನ್ಸಿಲರುಗಳು, ಹೋರಾಟಗಾರರು ಇವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಕಂಡ ಕೂಡಲೇ ನಾವು ಇವನು ಕೆಟ್ಟವನು, ಅವನು ಒಳ್ಳೆಯವನು ಎಂದು ಪಕ್ಷ ಹಿಡಿಯುತ್ತೇವೆ. ಆಗ ಯಾವ ಘಳಿಗೆಯಲ್ಲಿ ಯಾವ ದಾರಿ ತೆರೆದಿತ್ತು, ಯಾವುದನ್ನು ಹಿಡಿದರು ಎಂಬುದು ಕಣ್ತಪ್ಪುತ್ತದೆ. ಅಂಗಳದಲ್ಲಿ ಆಡಿದವರ ಹೆಸರನ್ನು ಮಾತ್ರ ಹೇಳಿದ್ದೇನೆ.

ಕೈಯಾರೆ ಅಗೆದ ಮೈದಾನ

ಚಾರ್ಲ್ಟನ್ ಅಥ್ಲೆಟಿಕ್ ಹುಟ್ಟಿದ್ದು 1905ರಲ್ಲಿ. ಥೇಮ್ಸ್ ದಂಡೆಯ ಒಂದು ಬೀದಿಯ ಹುಡುಗರು ಸೇರಿ ಕಟ್ಟಿದ ತಂಡ. ಮೊದಲ ಹದಿನಾಲ್ಕು ವರ್ಷ ಅದಕ್ಕೆ ನಿಂತ ನೆಲೆಯಿರಲಿಲ್ಲ. ಸೀಮೆನ್ಸ್ ಮೆಡೋ, ವುಲಿಚ್ ಕಾಮನ್, ಪೌಂಡ್ ಪಾರ್ಕ್, ಆ್ಯಂಗರ್‌ಸ್ಟೀನ್ ಲೇನ್ ಎಂದು ಬಾಡಿಗೆ ಮನೆ ಬದಲಿಸಿದಂತೆ ಮೈದಾನ ಬದಲಿಸುತ್ತಲೇ ಇತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಮರಳು ಮತ್ತು ಸೀಮೆಸುಣ್ಣದ ಕಲ್ಲು ತೆಗೆದು ಬಿಟ್ಟುಹೋಗಿದ್ದ ಒಂದು ಹಳೇ ಕ್ವಾರಿ ಕಣ್ಣಿಗೆ ಬಿತ್ತು. ನೀರು ನಿಂತು ಕೆಸರಾಗುತ್ತಿದ್ದ ಅದನ್ನು ಊರವರು ‘ಜೌಗು’ ಎಂದೇ ಕರೆಯುತ್ತಿದ್ದರು. ಕ್ಲಬ್ಬಿನ ಬಳಿ ಕಾಸಿರಲಿಲ್ಲ. ಅಭಿಮಾನಿಗಳೇ ಸಲಿಕೆ ಗುದ್ದಲಿ ಹಿಡಿದು ಬಂದರು. ತಳವನ್ನು ಸಮ ಮಾಡಿದರು, ಅಗೆದ ಮಣ್ಣನ್ನು ಸುತ್ತಲೂ ಏರಿ ಹಾಕಿದರು. ಆ ಏರಿಯೇ ಪ್ರೇಕ್ಷಕರು ನಿಂತು ನೋಡುವ ಜಾಗವಾಯಿತು. ಸುತ್ತ ದಿಬ್ಬ, ನಡುವೆ ತಗ್ಗು. ‘ದಿ ವ್ಯಾಲಿ’, ಅಂದರೆ ‘ಕಣಿವೆ’, ಎಂಬ ಹೆಸರು ತಾನಾಗಿ ಬಂತು.

1921ರಲ್ಲಿ ತಂಡ ಫುಟ್‌ಬಾಲ್ ಲೀಗ್ ಸೇರಿತು. ಎರಡೇ ವರ್ಷದಲ್ಲಿ ಆಡಳಿತದವರಿಗೆ ಹೆಚ್ಚು ಜನ ಸಿಗುವ ಊರಿಗೆ ಹೋಗೋಣ ಎನಿಸಿತು. 1923ರಲ್ಲಿ ಕ್ಯಾಟ್‌ಫರ್ಡ್ ಎಂಬಲ್ಲಿಗೆ ಗಂಟುಮೂಟೆ ಕಟ್ಟಿದರು. ಅಲ್ಲಿನ ಇನ್ನೊಂದು ಕ್ಲಬ್ಬಿನ ಜೊತೆ ವಿಲೀನವಾಗುವ ಲೆಕ್ಕಾಚಾರವಿತ್ತು. ವಿಲೀನ ಕೈಗೂಡಲಿಲ್ಲ. ಹೊಸ ಜನ ಬರಲಿಲ್ಲ, ಹಳಬರು ಹಿಂದೆ ಹೋಗಲಿಲ್ಲ. 1924ರಲ್ಲಿ ತಂಡ ಮರಳಿ ಕಣಿವೆಗೆ ಬಂತು. ಇದನ್ನು ಇಲ್ಲಿ ನೆನೆಯಲು ಕಾರಣವಿದೆ. ಅರವತ್ತು ವರ್ಷಗಳ ನಂತರ ಇದೇ ಕ್ಲಬ್ಬು ಮತ್ತೆ ಊರು ಬಿಡುವಾಗ, ಕ್ಯಾಟ್‌ಫರ್ಡಿನಲ್ಲಿ ಏನಾಯಿತೆಂದು ಅದರ ಸ್ವಂತ ದಾಖಲೆಯಲ್ಲೇ ಬರೆದಿಟ್ಟಿತ್ತು.

1930ರ ದಶಕ ಕಣಿವೆಯ ಸುಗ್ಗಿ ಕಾಲ. 1935, 1936ರಲ್ಲಿ ಎರಡು ವರ್ಷ ಸಾಲಾಗಿ ಬಡ್ತಿ ಪಡೆದು, 1937ರಲ್ಲಿ ಇಂಗ್ಲೆಂಡಿನ ಲೀಗಿನಲ್ಲಿ ಅಂದು ಎಲ್ಲಕ್ಕಿಂತ ಮೇಲಿನ ಹಂತವಾಗಿದ್ದ ಮೊದಲ ಡಿವಿಷನ್ನಿನಲ್ಲಿ ಎರಡನೇ ಸ್ಥಾನ. 1938ರ ಫೆಬ್ರವರಿ 12ರಂದು ಆ್ಯಸ್ಟನ್ ವಿಲ್ಲಾ ವಿರುದ್ಧ ನಡೆದ, ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್.ಎ. ಕಪ್ಪಿನ ಪಂದ್ಯಕ್ಕೆ ಸೇರಿದವರು 75,031 ಜನ. ಪೂರ್ವದ ಏರಿಯೊಂದರ ಮೇಲೆಯೇ ಒಂದು ಸಣ್ಣ ಪಟ್ಟಣ ನಿಂತಂತೆ ಕಾಣುತ್ತಿತ್ತು. 1947ರಲ್ಲಿ ಬರ್ನ್ಲಿಯನ್ನು 1–0 ಸೋಲಿಸಿ ಅದೇ ಕಪ್ ತಂದರು. 1957ರಲ್ಲಿ ಮೊದಲ ಡಿವಿಷನ್ನಿನಿಂದ ಕೆಳಗಿಳಿದ ತಂಡ ಮುಂದಿನ ಮೂರು ದಶಕ ಮೇಲೇಳಲಿಲ್ಲ. ಗೇಟಿನ ಹಣ ಇಳಿಯಿತು, ರಿಪೇರಿ ಮುಂದಕ್ಕೆ ಹೋಯಿತು, ಏರಿಯ ಮೆಟ್ಟಿಲುಗಳ ಕಾಂಕ್ರೀಟು ಬಿರುಕು ಬಿಟ್ಟಿತು.

ಬಿರುಕು ಬಿದ್ದ ದಿನ

ಹೆಚ್ಚಿನವರು ಈ ಕಥೆಯನ್ನು 1985ರಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಹಾನಿಯಾದದ್ದು ಮೂರು ವರ್ಷ ಮುಂಚೆ, ಯಾರೂ ಅಷ್ಟಾಗಿ ಗಮನಿಸದ ಒಂದು ಕ್ರಯದಲ್ಲಿ.

1930ರ ದಶಕದ ಆರಂಭದಿಂದ ಕ್ಲಬ್ಬು ಒಂದೇ ಕುಟುಂಬದ ಕೈಯಲ್ಲಿತ್ತು. 1982ರಲ್ಲಿ ಆ ಕುಟುಂಬ ಕ್ಲಬ್ಬನ್ನು ಒಬ್ಬ ಯುವ ಉದ್ಯಮಿಗೆ ಮಾರಿತು. ಆದರೆ ಮಾರಿದ್ದು ತಂಡವನ್ನು ಮಾತ್ರ. ಮೈದಾನದ ನೆಲ ಹಳೇ ಮಾಲೀಕರ ಬಳಿಯೇ ಉಳಿಯಿತು. 63 ವರ್ಷ ಹಿಂದೆ ಅಭಿಮಾನಿಗಳು ಅಗೆದು ಕೊಟ್ಟ ಕಣಿವೆಯಲ್ಲಿ ಕ್ಲಬ್ಬು ಈಗ ಬಾಡಿಗೆದಾರ.

ಹೊಸ ಮಾಲೀಕನ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಬಂದ ವರ್ಷವೇ ಬಾರ್ಸಿಲೋನಾದಿಂದ ಆಲನ್ ಸಿಮೊನ್‌ಸೆನ್‌ನನ್ನು ಕರೆತಂದ. 1977ರಲ್ಲಿ ಯುರೋಪಿನ ವರ್ಷದ ಆಟಗಾರನೆಂದು ಬ್ಯಾಲನ್ ಡಿ’ಓರ್ ಗೆದ್ದ ಡೆನ್ಮಾರ್ಕಿನವನು, ಎರಡನೇ ಡಿವಿಷನ್ನಿನ ಬಡ ತಂಡದಲ್ಲಿ! ಸಂಬಳ ಕೊಡಲಾಗದೆ ಕೆಲವೇ ತಿಂಗಳಲ್ಲಿ ಅವನನ್ನು ಕಳಿಸಿಕೊಡಬೇಕಾಯಿತು. ಸಾಲ ಬೆಳೆಯುತ್ತ ಹೋಗಿ 1984ರ ಹೊತ್ತಿಗೆ ಕ್ಲಬ್ಬನ್ನೇ ಮುಚ್ಚುವ ಮಾತು ಹೈಕೋರ್ಟಿಗೆ ಬಂತು. ಕಡೇ ಗಳಿಗೆಯಲ್ಲಿ ಒಂದು ಉದ್ಯಮಿಗಳ ಕೂಟ ಮುಂದೆ ಬಂದು ಕ್ಲಬ್ಬನ್ನು ಉಳಿಸಿತು. ಉಳಿದದ್ದು ತಂಡ; ನೆಲದ ಪ್ರಶ್ನೆ ಇದ್ದಲ್ಲೇ ಇತ್ತು.

ಇಲ್ಲಿ ಒಂದು ಮಾತು. ಸಾಲದಲ್ಲಿರುವ ಸಂಸ್ಥೆಯೊಂದನ್ನು ಉಳಿಸುವ ಗಡಿಬಿಡಿಯಲ್ಲಿ ಆಸ್ತಿಪತ್ರ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಇವತ್ತಿನ ಸಂಬಳ, ನಾಳಿನ ಪಂದ್ಯ ಇಷ್ಟೇ ಕಣ್ಣಮುಂದೆ. 1984ರಲ್ಲಿ ಕ್ಲಬ್ಬನ್ನು ಉಳಿಸಿದವರನ್ನು ನಾನು ದೂರುವುದಿಲ್ಲ. ಅವರಿಲ್ಲದಿದ್ದರೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ. ಆದರೆ ಬಾಡಿಗೆ ಕರಾರಿನ ಮೇಲೆ ನಿಂತ ಉಳಿವು ಎಷ್ಟು ದಿನದ್ದು ಎಂಬ ಪ್ರಶ್ನೆ ಅಂದೇ ಏಳಬೇಕಿತ್ತು.

ಅದಕ್ಕೆ ಉತ್ತರ ಒಂದೂವರೆ ವರ್ಷದಲ್ಲೇ ಸಿಕ್ಕಿತು. 1985ರ ಮೇ 11ರಂದು ಬ್ರಾಡ್‌ಫರ್ಡ್ ನಗರದ ಕ್ರೀಡಾಂಗಣದಲ್ಲಿ ಮರದ ಸ್ಟ್ಯಾಂಡಿಗೆ ಬೆಂಕಿ ಬಿದ್ದು 56 ಜನ ಸತ್ತರು. ದೇಶದಾದ್ಯಂತ ಹಳೇ ಕ್ರೀಡಾಂಗಣಗಳ ತಪಾಸಣೆ ಬಿಗಿಯಾಯಿತು. ಕಣಿವೆಯ ಹೆಮ್ಮೆಯಾಗಿದ್ದ ಪೂರ್ವದ ಏರಿಯನ್ನು ಅಧಿಕಾರಿಗಳು ಮುಚ್ಚಿಸಿದರು. ಅತ್ತ ನೆಲದ ಮಾಲೀಕರು ಪಶ್ಚಿಮದ ಸ್ಟ್ಯಾಂಡಿನ ಹಿಂದಿನ ಜಾಗ ತಮಗೆ ಬಿಟ್ಟುಕೊಡಬೇಕೆಂದು ಕೇಳಿದರು. ಒಂದು ಕಡೆ ಸುರಕ್ಷತೆ, ಇನ್ನೊಂದು ಕಡೆ ಒಡೆತನ. ದುರಸ್ತಿಗೆ ದುಡ್ಡು ಹಾಕೋಣವೆಂದರೆ ಅದು ಪರರ ನೆಲ. ಆಡಳಿತ ಮಂಡಳಿ ಹೊರಡಲು ತೀರ್ಮಾನಿಸಿತು. ಕರಪತ್ರ ಅಚ್ಚಾಯಿತು.

ಸೆಪ್ಟೆಂಬರ್ 21ರಂದು ಕೊನೆಯ ಪಂದ್ಯ. ಸ್ಟೋಕ್ ಸಿಟಿ ವಿರುದ್ಧ ಚಾರ್ಲ್ಟನ್ 2–0 ಗೆದ್ದಿತು. ಗೋಲು ಹೊಡೆದವರು ಮಾರ್ಕ್ ಸ್ಟುವರ್ಟ್ ಮತ್ತು ರಾಬರ್ಟ್ ಲೀ. ಲೀ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ನೆರೆಮನೆಯ ಜಗುಲಿಯಲ್ಲಿ

ಸೆಲ್‌ಹರ್ಸ್ಟಿನಲ್ಲಿ ನಡೆದದ್ದು ಈ ಪ್ರಕರಣದ ಅತಿ ಕುತೂಹಲದ ಭಾಗ. ಆಟದ ಲೆಕ್ಕದಲ್ಲಿ ನೋಡಿದರೆ ಹೊರಟುಹೋದದ್ದು ಒಳ್ಳೆಯದೇ ಆಯಿತು ಎನ್ನಬೇಕು. ಮನೆ ಬಿಟ್ಟ ಆ ಋತುವಿನಲ್ಲೇ, 1986ರಲ್ಲಿ, ತಂಡ ಮೊದಲ ಡಿವಿಷನ್ನಿಗೆ ಬಡ್ತಿ ಪಡೆಯಿತು. 29 ವರ್ಷದಲ್ಲಿ ಮೊದಲ ಬಾರಿ! ಮರುವರ್ಷ ಕೆಳಗಿಳಿಯುವ ಅಂಚಿಗೆ ಬಂದಾಗ ಲೀಡ್ಸ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ, ಹೆಚ್ಚುವರಿ ಸಮಯದಲ್ಲಿ ಪೀಟರ್ ಶರ್ಟ್‌ಲಿಫ್ ಎರಡು ಗೋಲು ಹೊಡೆದು ತಂಡವನ್ನು ಉಳಿಸಿದ. 1990ರವರೆಗೂ ದೊಡ್ಡವರ ನಡುವೆ ಆಡಿದರು.

ಇಷ್ಟಾದರೂ ಜನ ಬರಲಿಲ್ಲ. ದಕ್ಷಿಣ ಲಂಡನ್ನಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಅಡ್ಡಲಾಗಿ ಹೋಗುವುದೇ ಪ್ರಯಾಸ. ರೈಲುಗಳೆಲ್ಲ ನಗರದ ನಡುವಿಗೆ ಮುಖ ಮಾಡಿ ಓಡುತ್ತವೆ. ಏಳು ಮೈಲಿ ಎಂದರೆ ಅರ್ಧ ದಿನದ ಪ್ರಯಾಣ. ಆದರೆ ದೂರವೊಂದೇ ಕಾರಣವಲ್ಲ. ಹೊರ ಊರಿನ ಪಂದ್ಯಗಳಿಗೆ ಇನ್ನೂ ದೂರ ಹೋಗುತ್ತಿದ್ದವರೇ ಸೆಲ್‌ಹರ್ಸ್ಟಿಗೆ ಕಾಲಿಡಲಿಲ್ಲ. ಕೆಲವರು ತಂಡ ಕಣಿವೆಯಿಂದ ಹೊರಗಿದ್ದಷ್ಟು ಕಾಲ ಒಂದೇ ಒಂದು ‘ಮನೆ’ ಪಂದ್ಯವನ್ನೂ ನೋಡದೆ ಹಟ ಹಿಡಿದರು. ಗೆದ್ದರೆ ಜನ ಬರುತ್ತಾರೆ ಎಂಬುದು ಕ್ರೀಡಾ ಆಡಳಿತಗಾರರ ನೆಚ್ಚಿನ ನಂಬಿಕೆ. ತಂಡ ತನ್ನ ಮೂರು ದಶಕದ ಅತ್ಯುತ್ತಮ ಆಟ ಆಡುತ್ತಿದ್ದಾಗ ಸ್ಟ್ಯಾಂಡುಗಳು ಅರೆಬರೆ ಖಾಲಿ ಇದ್ದವು.

ಇತ್ತ ಕಣಿವೆ ಕಾಡು ಬಿತ್ತು. ಏರಿಯ ಮೆಟ್ಟಿಲುಗಳ ಸಂದಿಯಲ್ಲಿ ಕಳೆ ಎದೆಮಟ್ಟ ಬೆಳೆಯಿತು. ನಿಂತು ನೋಡುವವರು ಒರಗುತ್ತಿದ್ದ ಕಬ್ಬಿಣದ ಕಂಬಿಗಳಿಗೆ ಬಳ್ಳಿ ಹಬ್ಬಿತು. ಅಲ್ಲಲ್ಲಿ ಗಿಡಗಳು ಮರವಾಗತೊಡಗಿದವು.

ಅಭಿಮಾನಿಗಳು ಮೊದಮೊದಲು ಸಿಟ್ಟು ತೋರಿಸಿದರು, ಅರ್ಜಿ ಹಾಕಿದರು. ಸ್ಥಳೀಯ ವಾರಪತ್ರಿಕೆಯೊಂದು ಬೆನ್ನಿಗೆ ನಿಂತು ಸಹಿ ಸಂಗ್ರಹಿಸಿತು. ಆಡಳಿತದವರು ಸೊಪ್ಪು ಹಾಕಲಿಲ್ಲ. 1988ರಲ್ಲಿ ಅಭಿಮಾನಿಗಳೇ ಒಂದು ಪತ್ರಿಕೆ ಹೊರಡಿಸತೊಡಗಿದರು. ಹೆಸರು ‘ವಾಯ್ಸ್ ಆಫ್ ದಿ ವ್ಯಾಲಿ’. ಪಂದ್ಯದ ದಿನ ಕೈಯಿಂದ ಕೈಗೆ ಮಾರುತ್ತಿದ್ದ ಆ ಪತ್ರಿಕೆ ಗೊಣಗಾಟವನ್ನು ವಾದವನ್ನಾಗಿ ಮಾಡಿತು. ಮೈದಾನದ ಒಡೆತನ ಯಾರ ಬಳಿ ಇದೆ, ಮರಳಲು ಏನೇನು ಬೇಕು, ಎಷ್ಟು ಖರ್ಚು ಎಂಬ ಲೆಕ್ಕವನ್ನು ಅಭಿಮಾನಿಗಳ ಮುಂದಿಟ್ಟಿತು. ನನ್ನ ದೃಷ್ಟಿಯಲ್ಲಿ ಹೋರಾಟದ ಮೊದಲ ನಿಜವಾದ ತಿರುವು ಇದೇ. ಅಳುವುದಕ್ಕೂ ಕೇಳುವುದಕ್ಕೂ ಇರುವ ಅಂತರವನ್ನು ಅವರು ದಾಟಿದರು.

ಅದೇ ಹೊತ್ತಿಗೆ ಕ್ಲಬ್ಬಿನ ಒಳಗೂ ಬದಲಾವಣೆಯಾಗಿತ್ತು. ಹೊಸ ಅಧ್ಯಕ್ಷರು ಮತ್ತು ಅವರ ಜೊತೆಗಾರರು ಹಳೇ ತಪ್ಪಿನ ಬುಡಕ್ಕೆ ಕೈ ಹಾಕಿದರು. ಕಣಿವೆಯ ನೆಲವನ್ನು ಕೊಂಡು ತಂಡ ಮತ್ತು ಮೈದಾನವನ್ನು ಮತ್ತೆ ಒಂದೇ ಕೈಗೆ ತಂದರು. ಬೇರೆಲ್ಲ ಹೋರಾಟ ಇದಾದ ಮೇಲಷ್ಟೇ ಅರ್ಥ ಪಡೆಯಿತು.

1989ರ ಮಾರ್ಚ್ 23ರಂದು ವುಲಿಚ್ ಟೌನ್‌ಹಾಲಿನಲ್ಲಿ ಕಿಕ್ಕಿರಿದ ಸಭೆಯ ಮುಂದೆ ಮರಳುವ ನಿರ್ಧಾರ ಘೋಷಣೆಯಾಯಿತು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಕುಡುಗೋಲು, ಗರಗಸ, ಗೋಣಿಚೀಲ ಹಿಡಿದು ಕಣಿವೆಗೆ ಬಂದರು. ಕಳೆ ಕಿತ್ತರು, ಮುರಿದ ಮರದ ಸಾಮಾನು ಹೊತ್ತು ತಂದರು, ಮೈದಾನದ ಮೇಲೆಯೇ ರಾಶಿ ಹಾಕಿ ಬೆಂಕಿ ಕೊಟ್ಟರು. 1919ರಲ್ಲಿ ಅವರ ಅಜ್ಜಂದಿರು ಮಣ್ಣು ಹೊತ್ತ ಅದೇ ಏರಿಯ ಮೇಲೆ ಮೊಮ್ಮಕ್ಕಳು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ನಿಂತರು. ಕ್ಲೀನಿಂಗ್ ಕಂಪನಿಗೆ ಗುತ್ತಿಗೆ ಕೊಟ್ಟಿದ್ದರೂ ಕೆಲಸ ಆಗುತ್ತಿತ್ತು. ಆದರೆ ಮುಂದಿನ ವರ್ಷದ ಸೋಲನ್ನು ತಾಳಿಕೊಳ್ಳುವ ಬಲ ಬಂದದ್ದು ಆ ದಿನದ ಕೆಲಸದಿಂದ.

ಇಲ್ಲ ಎಂದ ಕೌನ್ಸಿಲ್

ಇಲ್ಲಿಂದ ದಾರಿ ಸಲೀಸು ಎಂದು ಎಲ್ಲರೂ ಅಂದುಕೊಂಡರು. ಆದರೆ ಇಂಗ್ಲೆಂಡಿನಲ್ಲಿ ಕಟ್ಟಡ ಕಟ್ಟಲು ಸ್ಥಳೀಯ ಆಡಳಿತದ ಯೋಜನಾ ಅನುಮತಿ ಬೇಕು. ಈ ಬಡಾವಣೆ ಲಂಡನ್ನಿನ ಆಡಳಿತ ವಿಭಾಗಗಳಲ್ಲಿ ಒಂದಾದ ಗ್ರೆನಿಚ್ ಬರೋ ಕೌನ್ಸಿಲ್ಲಿಗೆ ಸೇರಿದ್ದು. ಕ್ಲಬ್ಬು ಸಲ್ಲಿಸಿದ ನಕ್ಷೆಯಲ್ಲಿ ಕ್ರೀಡಾಂಗಣದ ಜೊತೆಗೆ, ಖರ್ಚು ಹೊಂದಿಸಲು, ವಾಣಿಜ್ಯ ಕಟ್ಟಡವೂ ಇತ್ತು. ಸುತ್ತಲಿನ ನಿವಾಸಿಗಳು ಆಕ್ಷೇಪಿಸಿದರು. 1990ರ ಜನವರಿ 31ರಂದು ಯೋಜನಾ ಸಮಿತಿ ಅರ್ಜಿಯನ್ನು ತಿರಸ್ಕರಿಸಿತು.

ಕೌನ್ಸಿಲ್ಲನ್ನು ಖಳನಾಯಕನಂತೆ ತೋರಿಸುವ ಬರಹಗಳು ಬಹಳ. ನನಗೆ ಅದು ಒಪ್ಪಿಗೆಯಿಲ್ಲ. ಕ್ರೀಡಾಂಗಣವಿರುವ ಫ್ಲಾಯ್ಡ್ ರೋಡಿನ ಸುತ್ತಮುತ್ತ ಇರುವುದು ಸಾಲು ಮನೆಗಳು, ಕಿರಿದಾದ ಬೀದಿಗಳು. ಪಂದ್ಯದ ದಿನ ಮನೆ ಮುಂದೆ ಗಾಡಿ ನಿಲ್ಲಿಸಲು ಜಾಗ ಸಿಗದ, ಬಾಗಿಲ ಬಳಿ ಗದ್ದಲ ಸಹಿಸಬೇಕಾದ ಮನೆಯವರ ಮಾತಿಗೂ ತೂಕವಿದೆ. ಅದೂ ಎಂಥ ಕಾಲ! ಹಿಂದಿನ ವರ್ಷವಷ್ಟೇ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಜನ ಸತ್ತಿದ್ದರು. ಒಟ್ಟು ಸಾವು 97. ಆ ದುರಂತದ ಬಗ್ಗೆ ನ್ಯಾಯಮೂರ್ತಿ ಟೇಲರ್ ಅವರ ಅಂತಿಮ ವರದಿ ಹೊರಬಿದ್ದದ್ದು ಇದೇ 1990ರ ಜನವರಿಯಲ್ಲಿ. ದೊಡ್ಡ ಕ್ರೀಡಾಂಗಣಗಳಲ್ಲಿ ನಿಂತು ನೋಡುವುದು ನಿಲ್ಲಬೇಕು, ಎಲ್ಲರಿಗೂ ಆಸನ ಬೇಕು ಎಂದು ಅದು ಹೇಳಿತು. ಫುಟ್‌ಬಾಲ್ ಎಂದರೆ ತಂಟೆ ಎಂಬ ಭಾವನೆ ದೇಶದಲ್ಲೆಲ್ಲ ದಟ್ಟವಾಗಿತ್ತು. ಹೀಗಾಗಿ ಸಮಿತಿಯ ಹೆದರಿಕೆ ಹುಸಿಯಲ್ಲ. ಕೌನ್ಸಿಲ್ಲು ಎಡವಿದ್ದು ಬೇರೆ ಕಡೆ. ಈ ನಕ್ಷೆಗೆ ಇಲ್ಲ ಎಂದವರು ಯಾವ ನಕ್ಷೆಗೆ ಹೌದು ಎನ್ನುತ್ತೇವೆ ಎಂದು ಹೇಳಲಿಲ್ಲ.

ಈಗ ಅಭಿಮಾನಿಗಳ ಮುಂದೆ ಮೂರು ದಾರಿ. ಮೇಲ್ಮನವಿ ಸಲ್ಲಿಸಿ ವರ್ಷಗಟ್ಟಲೆ ಕಾಯುವುದು. ಬೀದಿಗಿಳಿದು ಗಲಾಟೆ ಮಾಡುವುದು. ಹಾಗೆ ಮಾಡಿದ್ದರೆ ನಿವಾಸಿಗಳ ಭಯವೇ ನಿಜವೆಂದು ತೋರುತ್ತಿತ್ತು. ಮೂರನೆಯದು ಯಾರೂ ಮಾಡದ್ದು: ಮೂರೇ ತಿಂಗಳಲ್ಲಿದ್ದ ಕೌನ್ಸಿಲ್ ಚುನಾವಣೆಗೆ ನಿಲ್ಲುವುದು. ಮೂರನೆಯದನ್ನೇ ಆರಿಸಿಕೊಂಡರು.

‘ವ್ಯಾಲಿ ಪಾರ್ಟಿ’ ಎಂದು ಪಕ್ಷ ಕಟ್ಟಿದರು. ಒಂದೇ ಬೇಡಿಕೆ: ತಂಡ ಮನೆಗೆ ಬರಬೇಕು. ಕೌನ್ಸಿಲ್ಲಿನ 62 ಸ್ಥಾನಗಳಲ್ಲಿ 60ಕ್ಕೆ ಅಭ್ಯರ್ಥಿಗಳನ್ನು ಹಾಕಿದರು. ಉಳಿದ ಎರಡನ್ನು ಬಿಟ್ಟದ್ದು ಜಾಣತನದ ನಡೆ. ತಮ್ಮ ಪರ ನಿಂತಿದ್ದ ಇಬ್ಬರು ಕೌನ್ಸಿಲರುಗಳ ವಿರುದ್ಧ ಅವರು ಸ್ಪರ್ಧಿಸಲಿಲ್ಲ. ನಾವು ಯಾವ ಪಕ್ಷಕ್ಕೂ ಶತ್ರುಗಳಲ್ಲ, ನಿಮ್ಮ ಆ ಒಂದು ಮತಕ್ಕಷ್ಟೇ ಲೆಕ್ಕ ಕೇಳುತ್ತೇವೆ ಎಂಬ ಸಂದೇಶ ಆ ಎರಡು ಖಾಲಿ ಜಾಗಗಳಲ್ಲೇ ಇತ್ತು. ಅಭಿಮಾನಿಗಳಲ್ಲಿ ಜಾಹೀರಾತು ವೃತ್ತಿಯವರೊಬ್ಬರಿದ್ದರು; ಅವರ ಕೈಯಲ್ಲಿ ಮೂಡಿದ ಪೋಸ್ಟರುಗಳು ಬರೋ ತುಂಬ ದೊಡ್ಡ ಹಲಗೆಗಳ ಮೇಲೆ ಎದ್ದವು. ಪೋಸ್ಟರುಗಳಲ್ಲಿ ಅಭ್ಯರ್ಥಿಯ ಮುಖವಿರಲಿಲ್ಲ. ಹಳೇ ಪಂದ್ಯಗಳ ನೆನಪು, ಕಣಿವೆಯ ಚಿತ್ರ, ಮನಸ್ಸು ಮುಟ್ಟುವ ಒಂದೆರಡು ಸಾಲು. ಫುಟ್‌ಬಾಲ್ ಅಭಿಮಾನಿ ಎಂದರೆ ಪುಂಡ ಎಂದುಕೊಂಡಿದ್ದವರ ಮನೆ ಬಾಗಿಲು ತಟ್ಟಿ ಗುಮಾಸ್ತರು, ಶಿಕ್ಷಕಿಯರು, ನಿವೃತ್ತರು ಮತ ಕೇಳಿದರು.

1990ರ ಮೇ 3ರಂದು ವ್ಯಾಲಿ ಪಾರ್ಟಿಗೆ 14,838 ಮತ ಬಿದ್ದವು. ಒಟ್ಟು ಮತದ 10.9 ಶೇಕಡಾ. ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ಆಡಳಿತ ಪಕ್ಷವೇ ಅಧಿಕಾರದಲ್ಲಿ ಉಳಿಯಿತು. ಆದರೆ ಯೋಜನಾ ಸಮಿತಿಯ ಅಧ್ಯಕ್ಷರು ತಮ್ಮ ಸ್ಥಾನ ಕಳೆದುಕೊಂಡರು.

ಹೊಸ ಕೌನ್ಸಿಲ್ಲಿನ ಧಾಟಿ ಬದಲಾಯಿತು. ಕ್ಲಬ್ಬು ಕೂಡ ಹಟ ಹಿಡಿಯದೆ ನಕ್ಷೆಯನ್ನು ತಿದ್ದಿ ಮತ್ತೆ ಸಲ್ಲಿಸಿತು. 1991ರ ಏಪ್ರಿಲ್‌ನಲ್ಲಿ ಅನುಮತಿ ಸಿಕ್ಕಿತು. ಚುನಾವಣೆಯೇ ಎಲ್ಲವನ್ನೂ ಮಾಡಿತು ಎನ್ನುವವರು ತಿದ್ದಿದ ನಕ್ಷೆಯನ್ನು ಮರೆಯುತ್ತಾರೆ. ಮತ ಬಾಗಿಲು ತೆರೆಸಿತು ನಿಜ. ಬಾಗಿಲು ತೆರೆದಾಗ ಕೈಯಲ್ಲಿ ಕೊಡಲು ಒಪ್ಪುವಂಥ ಕಾಗದ ಇಲ್ಲದಿದ್ದರೆ ಅದು ಮತ್ತೆ ಮುಚ್ಚುತ್ತಿತ್ತು.

ಕೊನೆಯ ಅಡ್ಡಿ: ದುಡ್ಡು

ಅನುಮತಿ ಬಂದ ಮೇಲೂ ಇಪ್ಪತ್ತು ತಿಂಗಳು ಹಿಡಿಯಿತು. ಕೆಲಸ ಶುರುವಾಗುವುದು, ಹಣವಿಲ್ಲದೆ ನಿಲ್ಲುವುದು. ಅಷ್ಟರಲ್ಲಿ ತಂಡ ಸೆಲ್‌ಹರ್ಸ್ಟ್ ಬಿಟ್ಟು ವೆಸ್ಟ್ ಹ್ಯಾಮ್ ತಂಡದ ಅಪ್ಟನ್ ಪಾರ್ಕಿಗೆ, ನದಿಯ ಆಚೆ ದಡಕ್ಕೆ, ಹೋಗಿತ್ತು. ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ.

1992ರಲ್ಲಿ ಅಭಿಮಾನಿಗಳಿಂದಲೇ ಬಂಡವಾಳ ಎತ್ತುವ ಯೋಜನೆ ಬಂತು. ದುಡ್ಡು ಹಾಕಿದವರಿಗೆ ಮುಂದಿನ ವರ್ಷಗಳ ಟಿಕೆಟಿನಲ್ಲಿ ರಿಯಾಯಿತಿ. ಅದಕ್ಕಿಂತ ಮುಖ್ಯವಾಗಿ, ಅವರು ತಮ್ಮಲ್ಲಿ ಒಬ್ಬರನ್ನು ಮತ ಹಾಕಿ ಕ್ಲಬ್ಬಿನ ನಿರ್ದೇಶಕ ಮಂಡಳಿಗೆ ಕಳಿಸಬಹುದಿತ್ತು. ಹತ್ತು ಲಕ್ಷ ಪೌಂಡಿಗೂ ಮಿಕ್ಕಿ ಸೇರಿತು. ಕರಪತ್ರ ಕೊಟ್ಟು ಹೊರಟುಹೋಗಿದ್ದ ಕ್ಲಬ್ಬಿನ ಮೇಜಿನ ಸುತ್ತ ಈಗ ಅಭಿಮಾನಿಗಳ ಕುರ್ಚಿಯೊಂದು ಬಂತು.

ಅದೂ ಸಾಲಲಿಲ್ಲ. 1992ರ ಸೆಪ್ಟೆಂಬರ್‌ನಲ್ಲಿ ತಂಡದ ಅತ್ಯುತ್ತಮ ಆಟಗಾರನನ್ನು 7 ಲಕ್ಷ ಪೌಂಡಿಗೆ ನ್ಯೂಕ್ಯಾಸಲ್ಲಿಗೆ ಮಾರಿದರು. ಆತ ರಾಬರ್ಟ್ ಲೀ, 1985ರ ಕೊನೆಯ ಪಂದ್ಯದಲ್ಲಿ ಗೋಲು ಹೊಡೆದಿದ್ದವನು. ಮನೆಗೆ ಮರಳುವ ಖರ್ಚಿಗೆ ಅವನ ಬೆಲೆಯೂ ಸೇರಿತು. ಮರಳುವ ದಿನ ಆಡಲು ಅವನಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ಇಂದಿಗೂ ಮನಸ್ಸು ಹಿಂಡುವುದು ಇದೇ ಸಂಗತಿ. ಆ ನಿರ್ಧಾರ ಸರಿಯಾಗಿತ್ತೆಂದೇ ಹೇಳುತ್ತೇನೆ. ಆಟಗಾರರು ಬರುತ್ತಾರೆ, ಹೋಗುತ್ತಾರೆ. ಆ ಚಳಿಗಾಲದಲ್ಲಿ ಗೇಟು ತೆರೆಯದಿದ್ದರೆ ಮತ್ತೆ ಯಾವಾಗ ತೆರೆಯುತ್ತಿತ್ತೋ.

1992ರ ಡಿಸೆಂಬರ್ 5ರಂದು ಪೋರ್ಟ್ಸ್‌ಮತ್ ವಿರುದ್ಧ ಪಂದ್ಯ. ಆಕಾಶಕ್ಕೆ ಬಲೂನುಗಳು ಹಾರಿದವು. ಪೂರ್ತಿಯಾಗದ ಮೈದಾನದಲ್ಲಿ ಹಿಡಿಸಿದ್ದು 8,337 ಜನ. ಒಂದು ಕಾಲಕ್ಕೆ 75,031 ಜನ ನಿಂತ ಕಣಿವೆ! ಏಳನೇ ನಿಮಿಷದಲ್ಲಿ ಕಾಲಿನ್ ವಾಲ್ಷ್ ಗೋಲು ಹೊಡೆದ. ಪಂದ್ಯ 1–0ಕ್ಕೆ ಮುಗಿಯಿತು. ಆ ದಿನ ಅತ್ತವರಲ್ಲಿ ಏಳು ವರ್ಷದ ಹಿಂದೆ ಅತ್ತವರೂ ಇದ್ದರು.

ಏನು ಗೆದ್ದಿತು, ಏನು ಉಳಿಯಿತು

ನಂತರದ ಬೆಳವಣಿಗೆ ಹಂತಹಂತದ್ದು. 1994ರಲ್ಲಿ ಪೂರ್ವದ ಹೊಸ ಸ್ಟ್ಯಾಂಡು. 1998ರಲ್ಲಿ ವೆಂಬ್ಲಿಯಲ್ಲಿ, ಬಡ್ತಿ ಯಾರಿಗೆಂದು ತೀರ್ಮಾನಿಸುವ ಪ್ಲೇ-ಆಫ್ ಫೈನಲ್ಲಿನಲ್ಲಿ ಸಂಡರ್ಲೆಂಡ್ ಜೊತೆ 4–4 ಸಮವಾಗಿ, ಪೆನಾಲ್ಟಿಯಲ್ಲಿ 7–6ರಿಂದ ಗೆದ್ದು ಪ್ರೀಮಿಯರ್ ಲೀಗ್ ಪ್ರವೇಶ. 2000ದಿಂದ 2007ರವರೆಗೆ ಸತತ ಏಳು ಋತು ಅಲ್ಲೇ ಉಳಿದರು. ಉತ್ತರದ ಸ್ಟ್ಯಾಂಡು ಎದ್ದು ಕ್ರೀಡಾಂಗಣದ ಸಾಮರ್ಥ್ಯ 27,111 ಆಯಿತು. ಅದನ್ನು 40,000 ದಾಟಿಸುವ ನಕ್ಷೆಯೂ ಸಿದ್ಧವಿತ್ತು. 2007ರಲ್ಲಿ ತಂಡ ಕೆಳಗಿಳಿದದ್ದರಿಂದ ಕೈಬಿಟ್ಟರು. ಕೈಗೆ ಬಂದಷ್ಟೇ ಕಟ್ಟುತ್ತ ಹೋದ ಕ್ಲಬ್ಬಿಗೆ ಖಾಲಿ ಆಸನಗಳ ಸಾಲ ಮೈಮೇಲೆ ಬರಲಿಲ್ಲ.

ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ತಂಡವಿದೆ. 1991ರಲ್ಲಿ ಚಾರ್ಲ್ಟನ್ ಖಾಲಿ ಮಾಡಿದ ಸೆಲ್‌ಹರ್ಸ್ಟಿನ ಅದೇ ಬಾಡಿಗೆ ಕೋಣೆಗೆ ವಿಂಬಲ್ಡನ್ ತಂಡ ತನ್ನ ಪ್ಲೋ ಲೇನ್ ಮೈದಾನ ಬಿಟ್ಟು ಬಂತು. ಅದಕ್ಕೆ ಮರಳಲಾಗಲಿಲ್ಲ. 2003ರಲ್ಲಿ ಕ್ಲಬ್ಬನ್ನೇ ಮಿಲ್ಟನ್ ಕೀನ್ಸ್ ಎಂಬ ದೂರದ ಪಟ್ಟಣಕ್ಕೆ ಕೊಂಡೊಯ್ದರು. ಅಭಿಮಾನಿಗಳು 2002ರಲ್ಲೇ ಬೇರೆ ತಂಡ ಕಟ್ಟಿ, ತಳಮಟ್ಟದ ಲೀಗಿನಿಂದ ಏರುತ್ತ ಬಂದು, 2020ರ ನವೆಂಬರ್‌ನಲ್ಲಿ ಪ್ಲೋ ಲೇನಿಗೆ ಹಿಂದಿರುಗಿದರು; ಕೋವಿಡ್ ಕಾರಣ ಆ ದಿನ ಸ್ಟ್ಯಾಂಡುಗಳಲ್ಲಿ ಜನರೇ ಇರಲಿಲ್ಲ. ಎರಡೂ ಕಡೆ ಅಭಿಮಾನಿಗಳ ಛಲ ಒಂದೇ. ನನಗೆ ಕಾಣುವ ದೊಡ್ಡ ವ್ಯತ್ಯಾಸ, ಚಾರ್ಲ್ಟನ್ನಿನಲ್ಲಿ ಸರಿಯಾದ ಹೊತ್ತಿಗೆ ಆಡಳಿತವೂ ಅಭಿಮಾನಿಗಳೂ ಒಂದೇ ಕಡೆ ನಿಂತರು, ಹಳೇ ನೆಲ ಇನ್ನೂ ಅಲ್ಲೇ ಇತ್ತು, ಅದನ್ನು ಕೊಂಡರು.

ನಮ್ಮಲ್ಲಿ ಈ ಪ್ರಶ್ನೆಯ ಆಕಾರ ಬೇರೆ. ಬೆಂಗಳೂರು ಎಫ್‌ಸಿ 2013ರಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಟ ಶುರುಮಾಡಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, ಆಮೇಲೆ ಕಂಠೀರವಕ್ಕೆ ಬಂತು. ಕಂಠೀರವ ಸರ್ಕಾರದ್ದು, ಓಟದ ಟ್ರ್ಯಾಕ್ ಇರುವುದು, ಅಥ್ಲೀಟುಗಳಿಗೂ ಅದೇ ಮನೆ. ಅಲ್ಲಿ ಕ್ಲಬ್ಬು ಅತಿಥಿ. ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ಕೂಗುವ ಹುಡುಗರನ್ನು ನೋಡಿದಾಗಲೆಲ್ಲ, ಈ ಜಾಗದ ಕರಾರಿನಲ್ಲಿ ಏನು ಬರೆದಿದೆ ಎಂದು ಇವರು ಒಮ್ಮೆಯಾದರೂ ಕೇಳಲಿ ಎನಿಸುತ್ತದೆ.

ಚಾರ್ಲ್ಟನ್ನಿನವರು ಅದನ್ನು ಕೇಳುವುದನ್ನು ಬಿಟ್ಟಿಲ್ಲ, ಕೇಳಬೇಕಾದ ಕಾಲವೂ ಮತ್ತೆ ಬಂತು. 2014ರಲ್ಲಿ ಬೆಲ್ಜಿಯಂನ ಉದ್ಯಮಿಯೊಬ್ಬರು ಕ್ಲಬ್ಬನ್ನು ಕೊಂಡರು. ಅಭಿಮಾನಿಗಳಿಗೂ ಅವರಿಗೂ ಹೊಂದಲಿಲ್ಲ. 2016ರಲ್ಲಿ ಪಂದ್ಯದ ನಡುವೆ ಮೈದಾನಕ್ಕೆ ಗಾಳಿ ತುಂಬಿದ ಚೆಂಡುಗಳನ್ನು ಎಸೆದು ಆಟ ನಿಲ್ಲಿಸುವ ಮಟ್ಟಿಗೆ ಪ್ರತಿಭಟನೆ ಬೆಳೆಯಿತು. 2020ರ ಜನವರಿಯಲ್ಲಿ ಅವರು ಕ್ಲಬ್ಬನ್ನು ಮಾರಿ ಹೊರಟರು. ಮಾರಿದ್ದು ತಂಡವನ್ನು. ಕಣಿವೆಯನ್ನೂ ತರಬೇತಿ ಮೈದಾನವನ್ನೂ ತಮ್ಮಲ್ಲೇ ಇಟ್ಟುಕೊಂಡು ಕ್ಲಬ್ಬಿಗೆ ಬಾಡಿಗೆಗೆ ಕೊಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಆಮೇಲೆ 2023ರಲ್ಲಿ ಕ್ಲಬ್ಬು ಮತ್ತೆ ಕೈ ಬದಲಿಸಿತು. ನೆಲ ಜೊತೆಗೆ ಬರಲಿಲ್ಲ.

ಆದರೆ 1982ರಲ್ಲಿ ಯಾರೂ ಆಸ್ತಿಪತ್ರ ಓದಿರಲಿಲ್ಲ. ಈ ಸಲ ಪ್ರತಿ ಮಾರಾಟದ ಮಾತು ಎದ್ದಾಗಲೂ ಅಭಿಮಾನಿಗಳ ಸಂಘ ಮೊದಲು ಕೇಳುವುದು ಕರಾರು ಎಷ್ಟು ವರ್ಷದ್ದು, ಬಾಡಿಗೆ ಎಷ್ಟು, ಕೊಳ್ಳುವ ಹಕ್ಕು ಯಾರಿಗೆ ಎಂದು. ಕ್ರೀಡಾಂಗಣವನ್ನು ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ ಎಂದು ಸ್ಥಳೀಯ ಆಡಳಿತದ ಪಟ್ಟಿಗೆ ಸೇರಿಸಿದವರೂ ಅವರೇ. ಆ ಪಟ್ಟಿಯನ್ನು ಇಟ್ಟುಕೊಳ್ಳುವುದು ಗ್ರೆನಿಚ್ ಕೌನ್ಸಿಲ್. 1990ರಲ್ಲಿ ಇಲ್ಲ ಎಂದಿದ್ದ ಅದೇ ಕೌನ್ಸಿಲ್.